ಸಾಲು ಬಿಟ್ಟ ಸ್ಪಾರ್ಟನ್

ಯುದ್ಧದ ಸಿನಿಮಾದಲ್ಲಿ ತಪ್ಪು ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ರಿಕಾಪು. ‘ಗ್ಲಾಡಿಯೇಟರ್’ (2000) ಶುರುವಾಗುವುದು ಕ್ರಿ.ಶ. 180ರ ಜರ್ಮೇನಿಯಾದ ಕಾಡಿನಲ್ಲಿ. ಅಲ್ಲಿನ ರೋಮನ್ ಸವಾರರು ರಿಕಾಪಿನಲ್ಲಿ ಕಾಲಿಟ್ಟು ಕುದುರೆ ಓಡಿಸುತ್ತಾರೆ. ಯುರೋಪಿಗೆ ರಿಕಾಪು ಬಂದದ್ದು ಅದಾಗಿ ನಾಲ್ಕು ಶತಮಾನ ಕಳೆದ ಮೇಲೆ. ರೋಮನ್ನರ ಜೀನಿಗೆ ಎರಡು ಮುಂದೆ, ಎರಡು ಹಿಂದೆ, ಹೀಗೆ ನಾಲ್ಕು ಕೊಂಬು ಇರುತ್ತಿದ್ದವು. ಸವಾರ ಅವುಗಳ ನಡುವೆ ತೊಡೆ ಸಿಕ್ಕಿಸಿ ಕೂರುತ್ತಿದ್ದ. ಇಷ್ಟು ಗೊತ್ತಿದ್ದೂ ಈ ತಪ್ಪನ್ನು ಮನ್ನಿಸಿಬಿಡಬಹುದು. ಸ್ಟಂಟ್ ಸವಾರನ ರಿಕಾಪು ಕಿತ್ತುಕೊಂಡು ಮರಗಳ ನಡುವೆ ಇಳಿಜಾರಿನಲ್ಲಿ ಓಡು ಅಂದರೆ ಅವನ ಕುತ್ತಿಗೆ ಮುರಿಯುತ್ತದೆ.

ಅದೇ ದೃಶ್ಯದ ಬೆಂಕಿಬಾಣ ಮಾತ್ರ ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಬಾಣದ ತುದಿಗೆ ಎಣ್ಣೆಬಟ್ಟೆ ಸುತ್ತಿದರೆ ಮೂತಿ ಭಾರವಾಗಿ ಅದು ಹೋಗುವ ದೂರ ಕಡಿಮೆಯಾಗುತ್ತದೆ. ಹೆದೆಯನ್ನು ಪೂರ್ತಿ ಎಳೆದು ಬಿಟ್ಟರೆ ಗಾಳಿಯ ರಭಸಕ್ಕೆ ಉರಿ ಆರುತ್ತದೆ. ಆರಬಾರದೆಂದು ಮೆಲ್ಲಗೆ ಬಿಟ್ಟರೆ ಗುರಿ ಮುಟ್ಟುವುದೇ ಇಲ್ಲ. ಮುಟ್ಟಿದರೂ ಬಟ್ಟೆಯ ಉಂಡೆ ಅಡ್ಡಬಂದು ಮೈಗೆ ಆಳವಾಗಿ ನಾಟದು. ಹೀಗಾಗಿ ಅದನ್ನು ಬಿಡುತ್ತಿದ್ದದ್ದು ಮನುಷ್ಯರ ಮೇಲಲ್ಲ, ಮರದ ಮೇಲೆ, ಹುಲ್ಲಿನ ಚಾವಣಿಯ ಮೇಲೆ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ನಾರು ಸುತ್ತಿ ಹೊತ್ತಿಸಿದ ಬಾಣ ಬಿಟ್ಟದ್ದು ಅಥೆನ್ಸಿನ ಕೋಟೆಗುಡ್ಡವಾದ ಆಕ್ರೊಪೊಲಿಸ್ ಮೇಲಿನ ಮರದ ತಡೆಬೇಲಿಗೆ. ಇನ್ನು ಸೇನಾಪತಿ ಕೈಯೆತ್ತಿ “ತಡೀರಿ... ತಡೀರಿ...” ಎನ್ನುವಷ್ಟು ಹೊತ್ತು ಯುದ್ಧದ ಬಿಲ್ಲನ್ನು ಎಳೆದು ಹಿಡಿಯುವುದಂತೂ ಆಗದ ಮಾತು, ಕೆಲವೇ ಸೆಕೆಂಡಿಗೆ ತೋಳು ನಡುಗತೊಡಗಿ ಗುರಿ ತಪ್ಪುತ್ತದೆ. ಆಮೇಲೆ ಬರುವ “ಫೈರ್!” ಅನ್ನೋ ಅಪ್ಪಣೆ ಬಂದೂಕಿನ ಕಾಲದ್ದು.

ಇವೆಲ್ಲ ಸಾಮಾನು ಸರಂಜಾಮಿನ ತಪ್ಪು. ಯುದ್ಧವನ್ನೇ ತಲೆಕೆಳಗು ಮಾಡುವ ತಪ್ಪು ಬೇರೆ ಇದೆ. ಅದು ಸೈನಿಕರ ಸಾಲು ಒಡೆಯುವುದು.

ಗ್ರೀಕ್ ಕಾಲಾಳಿನ ಗುರಾಣಿಯನ್ನೇ ನೋಡಿ. ಸುಮಾರು 90 ಸೆಂ.ಮೀ. ಅಗಲದ, ಬೋಗುಣಿಯಂತೆ ಒಳಗೆ ಬಾಗಿದ ಮರ, ಮೇಲೆ ತೆಳು ಕಂಚು, ಆರೇಳು ಕೆ.ಜಿ. ತೂಕ. ನಟ್ಟನಡುವೆ ತೋಳು ತೂರಿಸುವ ಕಂಚಿನ ಪಟ್ಟಿ, ಅಂಚಿನಲ್ಲಿ ಮುಷ್ಟಿಗೆ ಹಗ್ಗದ ಹಿಡಿ. ಪಟ್ಟಿ ಮೊಣಕೈ ಹತ್ತಿರ ಕೂರುತ್ತದಾದ್ದರಿಂದ ಗುರಾಣಿಯ ಸುಮಾರು ಅರ್ಧ ಹಿಡಿದವನ ಮೈ ದಾಟಿ ಎಡಕ್ಕೆ ಚಾಚುತ್ತದೆ. ಒಬ್ಬನೇ ನಿಂತರೆ ಆ ಅರ್ಧ ಕಾಯುವುದು ಬರೀ ಗಾಳಿಯನ್ನು. ಎಡಕ್ಕೆ ಒಬ್ಬ ಒತ್ತಿ ನಿಂತಾಗಷ್ಟೇ ಅದಕ್ಕೆ ಕೆಲಸ, ಯಾಕೆಂದರೆ ಅದು ಅವನ ಬಲಮೈಯನ್ನು ಮುಚ್ಚುತ್ತದೆ.

ಇದರಿಂದಲೇ ಒಂದು ತೊಂದರೆಯೂ ಹುಟ್ಟುತ್ತಿತ್ತು. ಪ್ರತಿಯೊಬ್ಬನೂ ಬಲಗಡೆಯವನ ಗುರಾಣಿಗೆ ಅಂಟಿಕೊಳ್ಳಲು ನೋಡುತ್ತಾನೆ. ಬಲತುದಿಯವನಿಗೆ ಆಸರೆಯಿಲ್ಲ, ಅವನು ತನ್ನ ಬರಿಮೈಯನ್ನು ಶತ್ರುವಿನಿಂದ ತಪ್ಪಿಸಲು ಇನ್ನಷ್ಟು ಬಲಕ್ಕೆ ಸರಿಯುತ್ತಾನೆ, ಹಿಂದೆಯೇ ಇಡೀ ಸೇನೆ ಜಾರುತ್ತದೆ. ಕ್ರಿ.ಪೂ. 418ರ ಮಾಂಟಿನಿಯಾ ಕದನದ ಬಗ್ಗೆ ಬರೆಯುವಾಗ ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್ ಇದನ್ನು ಬಿಡಿಸಿ ಹೇಳಿದ್ದಾನೆ.

ಈಗ ಕ್ರಿ.ಪೂ. 480ರಲ್ಲಿ ಗ್ರೀಸಿನ ಸ್ಪಾರ್ಟನ್ನರು ಪರ್ಷಿಯನ್ನರನ್ನು ತಡೆದು ನಿಂತ ಥರ್ಮೊಪೈಲೆ ಕಣಿವೆಯ ಕಥೆ ಹೇಳುವ ‘300’ ಸಿನಿಮಾಕ್ಕೆ ಬನ್ನಿ. ಕವಚವಿಲ್ಲದ ಬರಿಯೆದೆಯ ಬಗ್ಗೆ ಜಗಳ ಬೇಡ. ಅದು ಒಂದು ಚಿತ್ರಕಾದಂಬರಿಯ ಪುಟಗಳನ್ನು ತೆರೆಗೆ ತಂದ ಸಿನಿಮಾ. ಮೊದಲ ಡಿಕ್ಕಿಯಲ್ಲಿ ಗುರಾಣಿಗೆ ಗುರಾಣಿ ಹೊಂದಿಸಿ ಒತ್ತುವುದನ್ನು ಚೆನ್ನಾಗಿಯೇ ತೋರಿಸಿದ್ದಾರೆ. ಅಷ್ಟರಲ್ಲಿ ಸ್ಪಾರ್ಟಾದ ರಾಜ ಲಿಯೊನಿಡಾಸ್ ಸಾಲು ಬಿಟ್ಟು ಮುಂದೆ ಬಂದು, ಸ್ಲೋ ಮೋಷನ್ನಿನಲ್ಲಿ ಒಬ್ಬೊಬ್ಬರನ್ನೇ ಕೆಡವುತ್ತಾ ಹೋಗುತ್ತಾನೆ. ಕ್ಯಾಮೆರಾಕ್ಕೆ ಒಂದು ಮುಖ ಬೇಕು, ಸಾಲಿಗೆ ಮುಖವಿಲ್ಲ. ನಾಯಕರ ಶಿರಸ್ತ್ರಾಣ ಯುದ್ಧದ ನಡುವೆ ಬಿದ್ದುಹೋಗುವುದೂ ಇದೇ ಕಾರಣಕ್ಕೆ.

ಮನರಂಜನೆಗೆ ಇದು ಅನಿವಾರ್ಯ ಅಂತಾರೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಅದೇ ಕಣಿವೆಯಲ್ಲಿ ನಡೆದ ಇನ್ನೊಂದನ್ನು ಬರೆದಿದ್ದಾನೆ: ಸ್ಪಾರ್ಟನ್ನರು ಒಟ್ಟಿಗೆ ಬೆನ್ನು ತಿರುಗಿಸಿ ಓಡಿದಂತೆ ನಟಿಸುತ್ತಾರೆ, ಪರ್ಷಿಯನ್ನರು ಕೂಗುತ್ತಾ ಬೆನ್ನಟ್ಟುತ್ತಾರೆ, ಇನ್ನೇನು ಸಿಕ್ಕರು ಅನ್ನುವಾಗ ಇವರು ಗಕ್ಕನೆ ತಿರುಗಿ ನಿಂತು ಕೊಲ್ಲುತ್ತಾರೆ. ಅದಕ್ಕಿಂತ ಒಳ್ಳೆ ಶಾಟ್ ಯಾವ ಫೈಟ್ ಮಾಸ್ಟರ್ ಕಟ್ಟಿಯಾನು?

‘ಅಲೆಕ್ಸಾಂಡರ್’ (2004) ಸಿನಿಮಾ ಸಾಲನ್ನೂ ತೋರಿಸಬಹುದು ಅಂತ ಸಾಬೀತು ಮಾಡಿತು, ಅವಕಾಶವನ್ನು ಕೈಚೆಲ್ಲಬಹುದು ಅಂತಲೂ. ಕ್ರಿ.ಪೂ. 331ರ ಗಾಗಮೇಲಾದಲ್ಲಿ ಐದಾರು ಮೀಟರ್ ಉದ್ದದ ಸಾರಿಸ್ಸಾ ಈಟಿಯನ್ನು ಎರಡೂ ಕೈಯಲ್ಲಿ ಹಿಡಿದ ಪಡೆ ಇದೆ, ಎಡ-ನಡು-ಬಲ ಯಾವುದೆಂದು ತೆರೆಯ ಮೇಲೆ ಬರಹವೂ ಬರುತ್ತದೆ. ಇತಿಹಾಸದ ಸಲಹೆ ಕೊಟ್ಟ ರಾಬಿನ್ ಲೇನ್ ಫಾಕ್ಸ್ ಸಂಭಾವನೆಗೆ ಬದಲು ಕುದುರೆ ದಾಳಿಯಲ್ಲಿ ತಾನೂ ಸವಾರಿ ಮಾಡಬೇಕೆಂದು ಕೇಳಿ ಪಡೆದರು. ಅದೇ ಚಿತ್ರದಲ್ಲಿ ಪೋರಸ್ ಜತೆ ಝೇಲಂ ಹೊಳೆಯ ದಡದಲ್ಲಿ ನಡೆದ ಕದನ ಕಾಡಿಗೆ ಹೋಯಿತು. ನಿಜವಾಗಿ ಅಲೆಕ್ಸಾಂಡರ್ ರಾತ್ರಿಗಳ ತುಂಬಾ ದಡದಲ್ಲಿ ಸುಳ್ಳು ಗದ್ದಲ ಎಬ್ಬಿಸಿ ಪೋರಸನ ಕಾವಲನ್ನು ಸೋಲಿಸಿದ. ಕೊನೆಗೊಂದು ಗುಡುಗುಮಳೆಯ ರಾತ್ರಿ ಹೊಳೆ ದಾಟಿದ. ಬೆಳಗ್ಗೆ ಎದುರಾದ ರಥಗಳು ಕೆಸರಿನಲ್ಲಿ ಹೂತವು. ಮಳೆಯೂ ಇಲ್ಲ, ಹೊಳೆಯೂ ಇಲ್ಲದ ಮೇಲೆ ಉಳಿದದ್ದು ಆನೆ ಮಾತ್ರ. ಪಂಜಾಬಿನ ಮಲ್ಲರೆಂಬ ಜನರ ಕೋಟೆಯಲ್ಲಿ ಅಲೆಕ್ಸಾಂಡರ್‌ಗೆ ಆಮೇಲೆ ತಗುಲಿದ ಎದೆಯ ಬಾಣವನ್ನೂ ಇಲ್ಲಿಗೇ ತಂದು ಅಂಟಿಸಿದ್ದಾರೆ.

‘300’ರ ಕಥೆ ಹೇಳುವ ಡಿಲಿಯೊಸ್ ಕಣ್ಣು ಕಳೆದುಕೊಂಡು ವಾಪಸು ಬಂದು, ಮರುವರ್ಷ ಪರ್ಷಿಯನ್ನರ ಎದುರಿನ ಪ್ಲಾಟಿಯಾ ಕದನದಲ್ಲಿ ಸೇನೆಯ ಮುಂದೆ ಓಡುವ ವೀರ. ಹೆರೊಡೋಟಸ್‌ನಲ್ಲಿ ಅವನನ್ನು ಹೋಲುವವನ ಹೆಸರು ಅರಿಸ್ಟೊಡೆಮಸ್. ಕಣ್ಣುಬೇನೆಯಿಂದ ಕದನ ತಪ್ಪಿಸಿಕೊಂಡು ಊರಿಗೆ ಬಂದವನಿಗೆ ಸ್ಪಾರ್ಟಾದಲ್ಲಿ ಒಲೆಗೆ ಬೆಂಕಿ ಕೊಡುವವರಿರಲಿಲ್ಲ, ಮಾತಾಡಿಸುವವರಿರಲಿಲ್ಲ. ಹೇಡಿ ಎಂಬ ಅಡ್ಡಹೆಸರು ಬಿತ್ತು. ಕ್ರಿ.ಪೂ. 479ರಲ್ಲಿ ಪ್ಲಾಟಿಯಾದಲ್ಲಿ ಅವನು ಹುಚ್ಚೆದ್ದವನಂತೆ ಸಾಲು ಬಿಟ್ಟು ನುಗ್ಗಿ, ಹೋರಾಡಿ ಸತ್ತ. ಎಲ್ಲರಿಗಿಂತ ಶೂರ ಅವನೇ ಎಂದು ಹೆರೊಡೋಟಸ್ ಬರೆಯುತ್ತಾನೆ. ಸ್ಪಾರ್ಟನ್ನರು ಸೇರಿ ಮಾತಾಡಿಕೊಂಡು, ಅವನು ಸಾಯಬೇಕೆಂದೇ ಜಾಗ ಬಿಟ್ಟು ಹೋದವನು, ಅಲ್ಲೇ ಮಡಿದ ಇನ್ನೊಬ್ಬ ಸ್ಪಾರ್ಟನ್ ಪೊಸಿಡೋನಿಯಸ್ ಬದುಕುವ ಆಸೆ ಇಟ್ಟುಕೊಂಡೇ ಹೋರಾಡಿದವನು ಎಂದರು. ಆ ಕದನದಲ್ಲಿ ಮಡಿದ ಹೆಸರಾಂತರಲ್ಲಿ ಗೌರವ ಸಿಗದೆ ಉಳಿದವನು ಅರಿಸ್ಟೊಡೆಮಸ್ ಒಬ್ಬನೇ.