‘ಆ ಡಾನ್‌ಗೆ ಹುಚ್ಚಾ?’ ಅಂತ ಕೇಳುವವರಿಗೆ

"ನೀವು ಇನ್ನೂ ಆ ಸೀರಿಯಲ್ ನೋಡ್ತೀರಾ? ಅದೇ, ಹುಚ್ಚು ಹಿಡಿದಿರೋ ಡಾನ್‌ದು?"

ನ್ಯೂಜೆರ್ಸಿಗೆ ಬಂದು ಇಪ್ಪತ್ತು ವರ್ಷವಾಯ್ತು. ಸತ್ಯನಾರಾಯಣ ಪೂಜೆಯಲ್ಲಿ, ಮಕ್ಕಳ ಬರ್ತ್‌ಡೇಯಲ್ಲಿ, ಅಂಗಡಿಯಲ್ಲಿ ಕರಿಬೇವು ಆರಿಸುವಾಗ, ಎಲ್ಲ ಕಡೆ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದೇಬಿಡುತ್ತೇನೆ.

ಹೌದು, ನೋಡುತ್ತೇನೆ. ಇಲ್ಲ, ಅವನಿಗೆ ಹುಚ್ಚಲ್ಲ. ಅವನಿಗಿರುವುದು ಬೈಪೋಲಾರ್ ಡಿಸಾರ್ಡರ್, ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಉತ್ಸಾಹಕ್ಕೆ (ಮೇನಿಯಾ) ಏರುವ, ಕೆಲವು ಕಾಲ ಆಳವಾದ ಖಿನ್ನತೆಗೆ (ಡಿಪ್ರೆಶನ್) ಇಳಿಯುವ ಕಾಯಿಲೆ.

ಗೊತ್ತಿಲ್ಲದವರಿಗೆ ಎರಡು ಮಾತು. ‘ಜನರಲ್ ಹಾಸ್ಪಿಟಲ್’ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1963ರ ಏಪ್ರಿಲ್‌ನಿಂದ ಬರುತ್ತಿರುವ ಧಾರಾವಾಹಿ. ಪೋರ್ಟ್ ಚಾರ್ಲ್ಸ್ ಅನ್ನುವ ಕಲ್ಪನೆಯ ಊರು. ಆ ಊರಿನ ಡಾನ್ ಸನ್ನಿ ಕೊರಿಂಥೋಸ್. ಲೋಕದ ಕಣ್ಣಿಗೆ ಕಾಫಿ ವ್ಯಾಪಾರಿ. ಚಿಕ್ಕವನಿದ್ದಾಗ ಮಲತಂದೆ ಹೊಡೆದು ಕಪಾಟಿನೊಳಗೆ ಕೂಡಿಹಾಕುತ್ತಿದ್ದ, ಹಾಗಾಗಿ ಇಕ್ಕಟ್ಟು ಜಾಗ ಅಂದರೆ ಇವತ್ತಿಗೂ ಉಸಿರು ಕಟ್ಟುತ್ತದೆ. ಸಿಟ್ಟು ಬಂದರೆ ಕೈಯಲ್ಲಿರುವ ಗ್ಲಾಸು ಗೋಡೆಗೆ. 1993ರಿಂದ ಈ ಪಾತ್ರ ಮಾಡುತ್ತಿರುವವರು ಮಾರಿಸ್ ಬೆನಾರ್ಡ್.

ನಾನು ನೋಡಲು ಶುರು ಮಾಡಿದ್ದು 2005ರಲ್ಲಿ. ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾ, ಕೆಲಸ ಮಾಡುವ ಹಾಗಿಲ್ಲ, ಕಾರು ಓಡಿಸಲು ಬರುವುದಿಲ್ಲ. ಗಂಡ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಮಾತಾಡುತ್ತಿದ್ದದ್ದು ಟಿವಿ ಒಂದೇ. ಮರುವರ್ಷ, 2006ರಲ್ಲಿ, ಸನ್ನಿಗೆ ಬೈಪೋಲಾರ್ ಇದೆ ಅಂತ ಗೊತ್ತಾಗುವ ಕಥೆ ಬಂತು. ಆ ಪದವನ್ನು ನಾನು ಕೇಳಿದ್ದೇ ಆಗ.

ಈಗ ಪ್ರಶ್ನೆ ಕೇಳುವ ರೀತಿಗೆ ಬರುತ್ತೇನೆ. ನನಗೆ ನಿಜಕ್ಕೂ ನೋವಾಗುವುದು ಅದರಿಂದ.

2019ರ ದೀಪಾವಳಿ. ನಮ್ಮ ಮನೆಯಲ್ಲೇ ಮೂವತ್ತು ಜನ. ಶಿವಮೊಗ್ಗದಿಂದ ತಮ್ಮ ಬಂದಿದ್ದ. ಒಬ್ಬ ಅಂಕಲ್ ಬಿಸಿಬೇಳೆಬಾತ್ ತಟ್ಟೆ ಹಿಡಿದುಕೊಂಡು, ಟಿವಿ ಕಡೆ ಕೈ ತೋರಿಸಿ ಅಂದರು: "ಹೆಸರೇ ಸನ್ನಿ! ಇನ್ನೇನಾಗುತ್ತೆ? ಸನ್ನಿ ಹಿಡಿದಿದೆ, ಅದಕ್ಕೇ ಕೊಲೆ ಮಾಡ್ತಾನೆ ಅಲ್ವಾ?"

ಎಲ್ಲರೂ ನಕ್ಕರು. ಮಾತು ಚುರುಕಾಗಿತ್ತು, ಒಪ್ಪುತ್ತೇನೆ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆನೇನೋ. ಆದರೆ ಅಂಕಲ್ ಪಕ್ಕದಲ್ಲೇ ನನ್ನ ತಮ್ಮ ಸಾರು ಕುಡಿಯುತ್ತಾ ನಿಂತಿದ್ದ. ಸ್ಟೀಲ್ ಲೋಟ, ಒಳಗೊಂದು ಚಮಚ. ಅವನ ಬೆರಳು ಸಣ್ಣಗೆ ನಡುಗುತ್ತದೆ, ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆಯಿಂದ. ನಗು ನಿಂತ ಮೇಲೆ ಚಮಚ ಲೋಟಕ್ಕೆ ತಾಗುವ ಸದ್ದು ಕೇಳುತ್ತಿತ್ತು, ಟಿಣ್ ಟಿಣ್ ಅಂತ. ಅವನು ಲೋಟವನ್ನು ಮೇಜಿನ ಮೇಲಿಟ್ಟ. ಆಮೇಲೆ ಎರಡೂ ಕೈ ಜೇಬಿಗೆ ಹಾಕಿಕೊಂಡ.

ಅಂಕಲ್, ಅವತ್ತು ಬಾಯಿ ಬರಲಿಲ್ಲ. ಈಗ ಕೇಳಿ. ಸನ್ನಿ ಡಾನ್ ಆಗಿದ್ದು ಕಾಯಿಲೆಯಿಂದ ಅಲ್ಲ. ಪೋರ್ಟ್ ಚಾರ್ಲ್ಸ್ ತುಂಬಾ ಕೊಲೆ ಮಾಡುವವರಿದ್ದಾರೆ, ಅವರಲ್ಲಿ ಎಷ್ಟೋ ಜನರಿಗೆ ಯಾವ ಕಾಯಿಲೆಯೂ ಇಲ್ಲ. ಬೈಪೋಲಾರ್ ಇರುವ ಬಹುಪಾಲು ಜನ ಯಾರ ಮೇಲೂ ಕೈ ಎತ್ತುವುದಿಲ್ಲ. ಬೆಳಗ್ಗೆ ಖುಷಿ, ಸಂಜೆ ಸಿಟ್ಟು ಅನ್ನುವುದೂ ಬೈಪೋಲಾರ್ ಅಲ್ಲ. ಮೇನಿಯಾ ಅಂದರೆ ವಾರಗಟ್ಟಲೆ ನಿದ್ದೆಯೇ ಬೇಡ ಅನ್ನಿಸುವ ಸ್ಥಿತಿ. ಡಿಪ್ರೆಶನ್ ಅಂದರೆ ಹಲ್ಲುಜ್ಜಲು ಏಳುವುದೂ ಬೆಟ್ಟ ಹತ್ತಿದ ಹಾಗೆ. ಈ ಸೀರಿಯಲ್‌ನವರೂ ಕೆಲವು ಸಲ ಕಥೆಗೆ ಖಾರ ಹಾಕಲು ಕಾಯಿಲೆಯನ್ನು ಬಳಸಿದ್ದಾರೆ, ಅವರ ಮೇಲೂ ನನಗೆ ಕೋಪವಿದೆ. ಆದರೂ ಅವರ ಋಣ ನನ್ನ ಮೇಲಿದೆ.

2009ರಲ್ಲಿ ತಮ್ಮ ಮೂರು ದಿನ ಬಿಡದೆ ಫೋನ್ ಮಾಡಿದ. ಅಲ್ಲಿ ರಾತ್ರಿ ಎರಡು ಗಂಟೆ, ಮೂರು ಗಂಟೆ. ಹಲಸಿನ ಚಿಪ್ಸ್ ಫ್ಯಾಕ್ಟರಿ ಹಾಕುತ್ತಾನಂತೆ, ದುಬೈಗೆ ಕಳಿಸುತ್ತಾನಂತೆ, ಆಗಲೇ ಶೆಡ್ಡಿಗೆ ಅಡ್ವಾನ್ಸ್ ಕೊಟ್ಟಾಯಿತಂತೆ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು. ಅಮ್ಮ ಮಾತ್ರ ಖುಷಿಯಾಗಿದ್ದರು: "ಈಗ ಹುಡುಗ ಚುರುಕಾಗಿದ್ದಾನೆ." ನನಗೆ ಮೈ ಜುಮ್ಮೆಂದಿತು. ಈ ಮಾತಿನ ಓಟವನ್ನು ನಾನು ಟಿವಿಯಲ್ಲಿ ನೋಡಿದ್ದೆ. "ಅಮ್ಮಾ, ಇದಕ್ಕೊಂದು ಹೆಸರಿದೆ. ಮೊದಲು ಡಾಕ್ಟರ ಹತ್ತಿರ ಕರ್ಕೊಂಡು ಹೋಗು" ಅಂದೆ. ನಿಮ್ಹಾನ್ಸ್‌ನಲ್ಲಿ ಅದೇ ಹೆಸರು ಹೇಳಿದರು.

ನಂಟರು ಸುಮ್ನೆ ಇರಲಿಲ್ಲ. "ಮದುವೆ ಮಾಡಿ, ಸರಿಹೋಗ್ತಾನೆ." ಆಮೇಲೆ, "ಈಗ ಹುಷಾರಾಗಿದ್ದಾನಲ್ಲ, ಇನ್ಯಾಕೆ ಮಾತ್ರೆ? ಕಿಡ್ನಿ ಹಾಳಾಗುತ್ತೆ." ಅವರ ಮಾತು ಕೇಳಿ ಅವನು ಬಿಟ್ಟ. ನಾಲ್ಕು ತಿಂಗಳಿಗೆ ಮತ್ತೆ ಆಸ್ಪತ್ರೆ. ಮಾರಿಸ್ ಬೆನಾರ್ಡ್‌ಗೂ ಆಗಿದ್ದು ಇದೇ. ಅವರಿಗೆ ನಿಜ ಜೀವನದಲ್ಲೂ ಬೈಪೋಲಾರ್ ಇದೆ, 22ನೇ ವಯಸ್ಸಿನಲ್ಲಿ ಗೊತ್ತಾಗಿದ್ದು. ಸನ್ನಿಯ ಪಾತ್ರ ಸಿಕ್ಕ ಹೊಸತರಲ್ಲೇ ಲಿಥಿಯಂ ಬಿಟ್ಟು ಕುಸಿದುಬಿದ್ದರು. ಚೇತರಿಸಿಕೊಂಡು ಅದೇ ಪಾತ್ರಕ್ಕೆ ಮರಳಿದರು. ಆ ಪಾತ್ರಕ್ಕೆ ಮೂರು ಸಲ ಡೇಟೈಮ್ ಎಮ್ಮಿ, ಅಂದರೆ ಹಗಲಿನ ಟಿವಿ ಕಾರ್ಯಕ್ರಮಗಳಿಗೆ ಅಮೆರಿಕದಲ್ಲಿ ಕೊಡುವ ಪ್ರಶಸ್ತಿ, ಪಡೆದಿದ್ದಾರೆ. ನನ್ನ ತಮ್ಮನಿಗೆ ಇದನ್ನು ಹೇಳಿದಾಗ ಅವನು ಎದ್ದು ಕೂತು, "ಇನ್ನೊಂದ್ಸಲ ಹೇಳು" ಅಂದಿದ್ದ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಚೆನ್ನಾಗಿರುವ ದಿನಗಳಲ್ಲಿ ಆ ಡಾನ್ ಹೇಗಿರುತ್ತಾನೆ? ಇದನ್ನು ಒಬ್ಬರೂ ಕೇಳಿಲ್ಲ.

ಅಂಥ ದಿನಗಳೇ ಜಾಸ್ತಿ. ಸಿನಿಮಾ ಆದರೆ ಎರಡೂವರೆ ಗಂಟೆ. ಅಷ್ಟರಲ್ಲಿ ಹುಷಾರಾಗಬೇಕು, ಇಲ್ಲ ಸಾಯಬೇಕು. ಈ ಧಾರಾವಾಹಿ ವಾರಕ್ಕೆ ಐದು ದಿನ, ವರ್ಷಗಟ್ಟಲೆ. ಸನ್ನಿ ಮಕ್ಕಳ ಜೊತೆ ಜಗಳವಾಡುತ್ತಾನೆ, ಪಾಸ್ತಾ ಮಾಡುತ್ತಾನೆ, ಮಾತ್ರೆ ನುಂಗುತ್ತಾನೆ, ನಾಳೆ ಮತ್ತೆ ಬರುತ್ತಾನೆ. ಬೈಪೋಲಾರ್ ಇರುವ ಮನೆಯ ದಿನಗಳೂ ಹೀಗೇ. ತಮ್ಮ ರಾತ್ರಿ ಎಂಟಕ್ಕೆ ಮಾತ್ರೆ ತಗೊಳ್ಳುತ್ತಾನೆ. ರಕ್ತ ಪರೀಕ್ಷೆ ಇದ್ದರೆ ಸರಿಯಾಗಿ ಹನ್ನೆರಡು ಗಂಟೆ ಬಿಟ್ಟು ಬೆಳಗ್ಗೆ ಎಂಟಕ್ಕೆ ಲ್ಯಾಬ್ ಬಾಗಿಲಲ್ಲಿರುತ್ತಾನೆ. ರಕ್ತದಲ್ಲಿ ಲಿಥಿಯಂ ಕಡಿಮೆಯಾದರೆ ಕೆಲಸ ಮಾಡಲ್ಲ, ಜಾಸ್ತಿಯಾದರೆ ವಿಷ. ಕಿಡ್ನಿ, ಥೈರಾಯ್ಡ್ ಕೂಡ ನೋಡಿಸುತ್ತಿರಬೇಕು. ಎಲ್ಲಿ ಹೋದರೂ ಕೈಯಲ್ಲಿ ನೀರಿನ ಬಾಟಲಿ. ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ. ತೊಡೆದೇವು ಅವನಷ್ಟು ತೆಳ್ಳಗೆ ನಮ್ಮ ಮನೆಯಲ್ಲಿ ಯಾರಿಗೂ ಹುಯ್ಯಲು ಬರುವುದಿಲ್ಲ.

ಆ ದೀಪಾವಳಿಯ ರಾತ್ರಿ ಎಲ್ಲರೂ ಹೋದ ಮೇಲೆ ನಾನೂ ತಮ್ಮನೂ ಸೋಫಾದಲ್ಲಿ ಕೂತು ರೆಕಾರ್ಡ್ ಆಗಿದ್ದ ಕಂತು ಹಾಕಿದೆವು. ಆಗ ಸನ್ನಿ ಮರೆವಿನ ಕಾಯಿಲೆಯ ಅಪ್ಪನನ್ನು ನೋಡಿಕೊಳ್ಳುವ ಕಥೆ ನಡೆಯುತ್ತಿತ್ತು. ಅರ್ಧ ಗಂಟೆ ತಮ್ಮ ಮಾತೇ ಆಡಲಿಲ್ಲ. ಅಂಕಲ್ ಮಾತು ಕೊರೆಯುತ್ತಿದೆಯೇನೋ ಅಂದುಕೊಂಡೆ.

"ಅಕ್ಕಾ, ಇವನ ಲಿಥಿಯಂ ಲೆವೆಲ್ ಎಷ್ಟಂತೆ?"

"ಅದನ್ನೆಲ್ಲ ತೋರಿಸಲ್ಲ ಕಣೋ."

"0.8 ಇರಬೇಕು ನೋಡು" ಅಂದ. "ನಂದೂ ಅಷ್ಟೇ."