ಐದು ದಿನದಲ್ಲಿ ಎಷ್ಟು ಬೀಚ್ ಕವರ್ ಆಗತ್ತೆ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ರಜೆ ಹತ್ತಿರ ಬಂತು ಅಂದ್ರೆ ಸಾಕು, ಸ್ನೇಹಿತರು, ಜೊತೆಗೆ ಕೆಲಸ ಮಾಡೋರು, ಅವರ ಸ್ನೇಹಿತರು ಎಲ್ಲರಿಂದ ನಂಗೆ ಒಂದೇ ಥರದ ಮೆಸೇಜ್ ಬರತ್ತೆ. "ಐದು ದಿನ ಇದೆ, ಸಮುದ್ರದ ಪಕ್ಕದಲ್ಲೇ ಆರಾಮಾಗಿ ಒಂದು ಟ್ರಿಪ್ ಹೋಗ್ಬೇಕು ಅಂತಿದೀವಿ, ಮ್ಯಾಪಲ್ಲಿ ಹದಿನಾಲ್ಕು ಬೀಚ್ ಮಾರ್ಕ್ ಮಾಡಿ ಇಟ್ಟಿದೀವಿ, ಎಲ್ಲ ಕವರ್ ಆಗತ್ತಾ?" ಕವರ್ ಏನೋ ಆಗತ್ತೆ, ದಿನಕ್ಕೆ ಮೂರರ ಹಾಗೆ ಇಳಿದು ಫೋಟೋ ತೆಗೆದು ಹತ್ತಿದ್ರೆ ಯಾವ ಕಷ್ಟಾನೂ ಇಲ್ಲ. ಆದ್ರೆ "ಆರಾಮಾಗಿ" ಅಂತ ನೀವೇ ಬರೆದಿದೀರಲ್ಲ, ಅದಕ್ಕೆ ನನ್ನ ಉತ್ತರ ಯಾವಾಗ್ಲೂ ಇದೇ: ಬೀಚ್ ಎಣಿಸ್ಬೇಡಿ, ರಾತ್ರಿ ಉಳ್ಕೊಳೋ ಜಾಗ ಎಣಿಸಿ. ಐದು ದಿನಕ್ಕೆ ಎರಡು ಜಾಗ. ತೀರಾ ಆಸೆ ಇದ್ರೆ ಮೂರು, ಅದಕ್ಕಿಂತ ಜಾಸ್ತಿ ಬೇಡ.

ಯಾಕೆ ಅಂದ್ರೆ ಜಾಗ ಬದಲಾಯಿಸಿದ ಪ್ರತಿ ಸಲಾನೂ ಅರ್ಧ ದಿನ ಹೋಗತ್ತೆ, ದೂರ ನಲವತ್ತೇ ಕಿಲೋಮೀಟರ್ ಆಗಿದ್ರೂ ಹೋಗತ್ತೆ. ಬೆಳಿಗ್ಗೆ ಎದ್ದು ಪ್ಯಾಕಿಂಗ್, ಹನ್ನೊಂದರೊಳಗೆ ಚೆಕ್ ಔಟ್, ಮುಂದಿನ ಕಡೆ ಮಧ್ಯಾಹ್ನ ಎರಡು ಮೂರು ಗಂಟೆವರೆಗೂ ರೂಮ್ ಕೊಡಲ್ಲ, ಅಲ್ಲಿವರೆಗೆ ಲಗೇಜ್ ಎಲ್ಲ ಕಾರಲ್ಲಿ, ಹಿಂದಿನ ದಿನದ ಒದ್ದೆ ಬಟ್ಟೆ ಮರಳಿನ ಸಮೇತ ಪ್ಲಾಸ್ಟಿಕ್ ಕವರಲ್ಲಿ, ಲಗೇಜ್ ಬಿಟ್ಟು ನೀರಿಗೆ ಇಳಿಯೋಕೆ ಧೈರ್ಯ ಇಲ್ಲ. ಒಂದೇ ಕಡೆ ಎರಡು ರಾತ್ರಿ ಇದ್ರೆ ಮಧ್ಯದಲ್ಲಿ ಒಂದು ಇಡೀ ದಿನ ನಿಮ್ಮದಾಗಿ ಸಿಗತ್ತೆ, ಮೂರು ರಾತ್ರಿ ಇದ್ರೆ ಎರಡು ದಿನ. ಬಟ್ಟೆನೂ ಒಣಗತ್ತೆ.

ಇದು ಅನುಕೂಲದ ಮಾತಾಯ್ತು. ನಾನು ಇಷ್ಟು ಒತ್ತಿ ಹೇಳೋಕೆ ಇನ್ನೊಂದು ದೊಡ್ಡ ಕಾರಣ ಇದೆ, ಅದು ಉಬ್ಬರ ಇಳಿತ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಸಲ ನೀರು ಮೇಲೆ ಬರತ್ತೆ, ಎರಡು ಸಲ ಹಿಂದೆ ಸರಿಯತ್ತೆ, ಒಂದು ಉಬ್ಬರಕ್ಕೂ ಅದರ ಮುಂದಿನ ಇಳಿತಕ್ಕೂ ಮಧ್ಯೆ ಸುಮಾರು ಆರು ಗಂಟೆ ಹನ್ನೆರಡು ನಿಮಿಷ. ಬೆಳಿಗ್ಗೆ ಹೋದಾಗ ಅಗಲವಾಗಿ, ಗಟ್ಟಿ ಮರಳು ಹಾಸಿಕೊಂಡು, ಬಂಡೆಗಳ ಮಧ್ಯೆ ಚಿಕ್ಕ ಚಿಕ್ಕ ಕೊಳಗಳಲ್ಲಿ ಏಡಿ ಓಡಾಡ್ತಿದ್ದ ತೀರ ಮಧ್ಯಾಹ್ನದ ಹೊತ್ತಿಗೆ ಒಂದು ಕಿರಿದಾದ ಪಟ್ಟಿ ಆಗಿರತ್ತೆ, ಕೆಲವು ಕಡೆ ಪೂರ್ತಿ ಮಾಯವೇ ಆಗಿರತ್ತೆ. ಅಂದ್ರೆ ನೀವು ಒಂದೇ ಕಡೆ ಇದ್ರೂ ಎರಡು ಬೇರೆ ಬೇರೆ ಬೀಚ್ ನೋಡ್ತೀರಾ. ಹದಿನಾಲ್ಕು ಕಡೆ ಅರ್ಧರ್ಧ ಗಂಟೆ ನಿಂತವರು ಅದರಲ್ಲಿ ಎಷ್ಟನ್ನ ತಪ್ಪು ಹೊತ್ತಲ್ಲಿ ನೋಡಿರ್ತಾರೆ ಅಂತ ಯೋಚಿಸಿ.

ಅದಕ್ಕೇ ಹೋಟೆಲ್ ರಿವ್ಯೂ ಓದೋಕೆ ಮುಂಚೆ ಆ ಜಾಗದ ಟೈಡ್ ಟೇಬಲ್, ಅಂದ್ರೆ ಉಬ್ಬರ ಇಳಿತದ ವೇಳಾಪಟ್ಟಿ, ತೆಗೆದು ನೋಡಿ ಅಂತೀನಿ. ಇಂಟರ್ನೆಟ್ಟಲ್ಲಿ ಸಿಗತ್ತೆ, ಓದೋದು ಕಷ್ಟ ಇಲ್ಲ. ಇದೆಲ್ಲ ಚಂದ್ರನ ಲೆಕ್ಕ ಆದ್ರಿಂದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗತ್ತೆ, ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತ ಇದ್ರೆ ನಾಳೆ ಎಂಟಕ್ಕೆ ಹತ್ತು ನಿಮಿಷ ಇರೋವಾಗ, ನಾಡಿದ್ದು ಎಂಟೂ ನಲವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದಿನಗಳಲ್ಲಿ ನೀರು ತುಂಬಾ ಮೇಲೆ ಬಂದು ಅಷ್ಟೇ ಹಿಂದೆ ಹೋಗತ್ತೆ, ಅಷ್ಟಮಿ ಹೊತ್ತಲ್ಲಿ ಈ ಏರಿಳಿತ ಕಮ್ಮಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ: ಒಂದು ಜಾಗದಲ್ಲಿ ಹುಣ್ಣಿಮೆ ದಿನ ಉಬ್ಬರ ಯಾವ ಹೊತ್ತಿಗೆ ಬರತ್ತೋ ಪ್ರತಿ ಹುಣ್ಣಿಮೆಗೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬರತ್ತೆ, ಒಂದು ವಾರ ಕಳೆದ್ರೆ ಆರು ಗಂಟೆ ಸರಿದು ಪೂರ್ತಿ ಉಲ್ಟಾ ಆಗಿರತ್ತೆ. ಹಾಗಾಗಿ ರಜೆ ಯಾವ ವಾರ ಹಾಕ್ಬೇಕು ಅನ್ನೋದು ನಿಮ್ಮ ಕೈಲಿದ್ರೆ, ಬೆಳಿಗ್ಗೆ ಹೊತ್ತು ಇಳಿತ ಬೀಳೋ ವಾರ ಆರಿಸಿಕೊಳ್ಳಿ, ನಡೆಯೋಕೆ ಅದರಷ್ಟು ಒಳ್ಳೇದು ಬೇರೆ ಇಲ್ಲ.

ಎಲ್ಲಾ ಕಡೆನೂ ಈ ಏರಿಳಿತ ಒಂದೇ ಸಮ ಇರಲ್ಲ. ಮೆಡಿಟರೇನಿಯನ್ ತೀರದ ಹೆಚ್ಚಿನ ಕಡೆ ಗಮನಕ್ಕೇ ಬರಲ್ಲ ಅನ್ನೋಷ್ಟು ಕಮ್ಮಿ, ಕೆನಡಾದ ಬೇ ಆಫ್ ಫಂಡಿಯಲ್ಲಿ 16 ಮೀಟರ್ ವರೆಗೂ ಹೋಗತ್ತೆ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗೋ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದೊಳಗೆ ಮುಳುಗತ್ತೆ, ಯಾವ ಹೊತ್ತಲ್ಲಿ ದಾಟಬಹುದು ಅಂತ ಬೋರ್ಡ್ ಇದ್ರೂ ಗಾಡಿ ಸಿಕ್ಕಿಹಾಕಿಕೊಳ್ಳೋದು ನಿಂತಿಲ್ಲ. ಟೇಬಲ್ ಇಲ್ಲದೇ ಇದ್ರೂ ಮರಳನ್ನ ನೋಡಿದ್ರೆ ತಿಳಿಯತ್ತೆ. ತೀರದುದ್ದಕ್ಕೂ ಒಣಗಿದ ಪಾಚಿ, ಕಡ್ಡಿ, ಒಡೆದ ಚಿಪ್ಪು, ಬಲೆ ಚೂರು ಎಲ್ಲ ಸೇರಿ ಒಂದು ಗೆರೆ ಎಳೆದ ಹಾಗೆ ಬಿದ್ದಿರತ್ತಲ್ಲ, ಹಿಂದಿನ ಉಬ್ಬರ ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ. ಚಾಪೆ, ಚಪ್ಪಲಿ, ಬ್ಯಾಗ್, ಮುಖ್ಯವಾಗಿ ಗಾಡಿ, ಇವೆಲ್ಲ ಆ ಗೆರೆಯಿಂದ ಚೆನ್ನಾಗಿ ಮೇಲಿರ್ಬೇಕು. ನಡೆಯೋಕೆ ಆ ಗೆರೆ ಕೆಳಗಿನ ಒದ್ದೆ ಮರಳು, ಅಲ್ಲಿ ಕಾಲು ಹೂತು ಹೋಗಲ್ಲ, ವಯಸ್ಸಾದವರೂ ಆರಾಮಾಗಿ ನಡೀತಾರೆ.

ದಿನದ ಒಳಗೂ ಒಂದು ಕ್ರಮ ಇದೆ. ಬಿಸಿಲೇರಿದ ಹಾಗೆ ನೆಲ ಬೇಗ ಕಾಯತ್ತೆ, ನೀರು ನಿಧಾನ, ನೆಲದ ಮೇಲಿನ ಬಿಸಿ ಗಾಳಿ ಮೇಲೇರಿ ಆ ಜಾಗಕ್ಕೆ ಸಮುದ್ರದ ಕಡೆಯಿಂದ ಗಾಳಿ ನುಗ್ಗತ್ತೆ. ಇದು ಬೆಳಗಿನ ಕೊನೇ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಜೋರಾಗತ್ತೆ. ಬೆಳಿಗ್ಗೆ ಗಾಜಿನ ಹಾಗಿದ್ದ ನೀರು ಮಧ್ಯಾಹ್ನ ಕಲಕಿದ ಹಾಗೆ ಇರೋದು ಹೆಚ್ಚಾಗಿ ಇದರಿಂದಲೇ. ಈಜು, ದೋಣಿ, ಕಯಾಕ್, ಮಕ್ಕಳನ್ನ ನೀರಿಗೆ ಇಳಿಸೋದು ಎಲ್ಲ ಬೆಳಿಗ್ಗೆಗೆ ಇಟ್ಕೊಳ್ಳಿ. ಮಧ್ಯಾಹ್ನ ಏನೂ ಪ್ಲಾನ್ ಮಾಡ್ಬೇಡಿ, ನಿಜವಾಗ್ಲೂ ಖಾಲಿ ಬಿಡಿ, ಊಟ ಮಾಡಿ ಮಲಗಿ, ನಾಲ್ಕರ ಮೇಲೆ ಮತ್ತೆ ಹೊರಗೆ ಬನ್ನಿ. ಬಿಸಿಲೂ ಅಷ್ಟು ಹೊತ್ತು ಸಿಕ್ಕಾಪಟ್ಟೆ ಇರತ್ತೆ, ಅದೂ ಮೇಲಿಂದ ಮಾತ್ರ ಅಲ್ಲ, ಒಣ ಮರಳು ತನ್ನ ಮೇಲೆ ಬಿದ್ದ ಅಲ್ಟ್ರಾವಯಲೆಟ್ ಕಿರಣದಲ್ಲಿ ಸುಮಾರು 15 ಪರ್ಸೆಂಟ್, ಅಲೆಯ ನೊರೆ ಸುಮಾರು 25 ಪರ್ಸೆಂಟ್ ವಾಪಸ್ ಎಸೆಯತ್ತೆ, ಅದಕ್ಕೇ ಕೊಡೆ ಕೆಳಗೆ ಕೂತವರ ಮುಖಾನೂ ಸುಡೋದು.

ಈಗ ರಸ್ತೆ ವಿಷಯ. ಮ್ಯಾಪಲ್ಲಿ ಎರಡು ಬೀಚ್ ಪಕ್ಕಪಕ್ಕ ಕಂಡ್ರೆ ನಂಬೋಕೆ ಹೋಗ್ಬೇಡಿ, ಮಧ್ಯೆ ಒಂದು ಅಳಿವೆ ಇದ್ರೆ ಸೇತುವೆ ಹುಡುಕಿಕೊಂಡು ಒಳನಾಡಿಗೆ ಹೋಗಿ ಸುತ್ತಿ ಬರ್ಬೇಕು, ಎದುರು ದಡ ಕಣ್ಣಿಗೆ ಕಾಣ್ತಿದ್ರೂ ಒಂದು ಗಂಟೆ ದಾರಿ ಆಗಬಹುದು. ದಾಟೋ ದೋಣಿ ಇದ್ರೆ ಅದರ ಕೊನೇ ಟ್ರಿಪ್ ಎಷ್ಟು ಹೊತ್ತಿಗೆ ಅಂತ ಮೊದಲೇ ಕೇಳಿಟ್ಕೊಳ್ಳಿ. ಇನ್ನು ಯಾವ ತುದಿಯಿಂದ ಶುರು ಮಾಡ್ಬೇಕು ಅಂತಾನೂ ಕೇಳ್ತಾರೆ. ಗಾಡಿ ಯಾವ ಬದೀಲಿ ಓಡತ್ತೋ ಸಮುದ್ರಾನೂ ಅದೇ ಬದೀಲಿ ಇರೋ ಹಾಗೆ ಹೊರಡಿ. ಆಸ್ಟ್ರೇಲಿಯಾದ 243 ಕಿಲೋಮೀಟರ್ ಉದ್ದದ ಗ್ರೇಟ್ ಓಷನ್ ರೋಡನ್ನ ಟಾರ್ಕೀ ಕಡೆಯಿಂದ ಪಶ್ಚಿಮಕ್ಕೆ ಹೋದ್ರೆ ಸಮುದ್ರ ಎಡಕ್ಕೆ ಸಿಗತ್ತೆ, ಅಲ್ಲಿ ಗಾಡಿನೂ ಎಡಕ್ಕೇ. ಕ್ಯಾಲಿಫೋರ್ನಿಯಾದ ಕರಾವಳಿ ರಸ್ತೆ ಹೈವೇ ನಂಬರ್ 1ರಲ್ಲಿ ಬಲಕ್ಕೆ ಓಡಿಸೋದು, ಅದಕ್ಕೆ ಉತ್ತರದಿಂದ ದಕ್ಷಿಣಕ್ಕೆ ಬರೋದು ಚಂದ. ಎದುರು ಬರೋ ಗಾಡಿಗಳು ಅಡ್ಡ ಇಲ್ಲದೆ ನೀರು ಕಾಣತ್ತೆ, ವ್ಯೂ ಪಾಯಿಂಟ್ ಬಂದಾಗ ರಸ್ತೆ ದಾಟಿ ತಿರುಗಿಸೋ ಅಪಾಯ ಇಲ್ಲ. ಹೊರಡೋ ಹಿಂದಿನ ದಿನ ರಸ್ತೆ ತೆರೆದಿದೆಯಾ ಅಂತ ನೋಡೋದು ಮರೀಬೇಡಿ, ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಕೊರೆದ ರಸ್ತೆಗಳು ಮಳೆಗೆ ಕುಸೀತವೆ. ಅದೇ ಹೈವೇ ನಂಬರ್ 1, ಮಡ್ ಕ್ರೀಕ್ ಅನ್ನೋ ಜಾಗದ ಹತ್ತಿರ 2017ರ ಮೇ ತಿಂಗಳಲ್ಲಿ ಗುಡ್ಡ ಜರಿದು ಮುಚ್ಚಿಹೋದದ್ದು ಮತ್ತೆ ತೆರೆದದ್ದು 2018ರ ಜುಲೈಯಲ್ಲಿ.

ಉಳ್ಕೊಳೋಕೆ ಯಾವ ಥರದ ಬೀಚ್ ಆರಿಸ್ಬೇಕು? ನಂಗೆ ಎರಡೂ ಕಡೆ ಬಂಡೆಗುಡ್ಡ ಚಾಚಿಕೊಂಡಿರೋ, ಮಧ್ಯೆ ಒಳಕ್ಕೆ ಬಾಗಿರೋ ತೀರ ಇಷ್ಟ. ಅಲೆಗಳು ತಮ್ಮ ಬಲ ಎಲ್ಲ ಚಾಚಿದ ಗುಡ್ಡಗಳ ಮೇಲೆ ಹಾಕಿ, ಒಳಗಿನ ಬಾಗಿಗೆ ಬರೋ ಹೊತ್ತಿಗೆ ಮೆತ್ತಗಾಗಿರ್ತವೆ. ಮರಳನ್ನೂ ಕೈಯಲ್ಲಿ ಹಿಡಿದು ನೋಡಿ. ನುಣ್ಣಗಿದ್ರೆ ತೀರ ಸಾಮಾನ್ಯವಾಗಿ ಇಳಿಜಾರು ಕಮ್ಮಿ ಇದ್ದು ಅಗಲವಾಗಿರತ್ತೆ, ಅಲೆ ದೂರದಲ್ಲೇ ಮುರಿದು ನಿಧಾನ ಬರತ್ತೆ. ದಪ್ಪ ಕಾಳು ಕಾಳಾಗಿದ್ರೆ ದಂಡೆ ಕಡಿದಾಗಿರತ್ತೆ, ಎರಡು ಹೆಜ್ಜೆ ಇಟ್ರೆ ಆಳ, ಅಲೆ ಬಂದು ನೇರ ದಡದ ಮೇಲೇ ಬೀಳತ್ತೆ. ಮಕ್ಕಳು ಜೊತೆಗಿದ್ರೆ ಎರಡನೇ ಥರದ್ದು ಬೇಡ, ನೋಡೋಕೆ ಎಷ್ಟೇ ಚೆಂದ ಇರ್ಲಿ.

ನೀರಿಗೆ ಇಳಿಯೋ ವಿಷಯದಲ್ಲಿ ಮಾತ್ರ ನಾನು ಯಾರ ಹತ್ತಿರಾನೂ ರಾಜಿ ಆಗಲ್ಲ. ಇಳಿಯೋ ಮುಂಚೆ ಹತ್ತು ನಿಮಿಷ ಎತ್ತರದ ಜಾಗದಲ್ಲಿ ನಿಂತು ಅಲೆಗಳನ್ನ ನೋಡಿ. ಎರಡು ಕಡೆ ಬೆಳ್ಳಗೆ ಅಲೆ ಮುರೀತಾ ಇದ್ದು ಮಧ್ಯೆ ಒಂದು ಕಡೆ ಮಾತ್ರ ನೀರು ಕಪ್ಪಗೆ, ಶಾಂತವಾಗಿ, ಅಲೆನೇ ಇಲ್ಲದ ಹಾಗೆ ಕಾಣತ್ತಲ್ಲ, ಹೊಸಬರು ಇಳಿಯೋದು ಅಲ್ಲೇ, ಆದ್ರೆ ದಡಕ್ಕೆ ಬಂದ ನೀರೆಲ್ಲ ವಾಪಸ್ ಸಮುದ್ರಕ್ಕೆ ಹೋಗೋ ದಾರಿ ಅದು, ರಿಪ್ ಕರೆಂಟ್. ಇದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್ ವರೆಗೂ ಹೋಗಬಹುದು, ಒಲಿಂಪಿಕ್ಸ್ ಈಜುಗಾರರೂ ಅದಕ್ಕೆ ಎದುರು ಈಜಿ ಗೆಲ್ಲೋಕಾಗಲ್ಲ. ಸಿಕ್ಕಿಹಾಕಿಕೊಂಡ್ರೆ ದಡದ ಕಡೆ ಈಜ್ಬೇಡಿ. ತೇಲಿಕೊಂಡು ಇರಿ, ಕೈ ಎತ್ತಿ ಕೂಗಿ, ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಅಲೆ ಮುರಿಯೋ ಕಡೆಯಿಂದ ವಾಪಸ್ ಬನ್ನಿ. ಅದು ನಿಮ್ಮನ್ನ ಕೆಳಕ್ಕೆ ಎಳೆಯಲ್ಲ, ಹೊರಕ್ಕೆ ಮಾತ್ರ ಒಯ್ಯತ್ತೆ, ಜನ ಸಾಯೋದು ಗಾಬರಿ ಬಿದ್ದು ಎದುರು ಈಜಿ ಸುಸ್ತಾಗಿ. ಮೇಲೆ ಕೆಂಪು ಕೆಳಗೆ ಹಳದಿ ಇರೋ ಬಾವುಟ ಎರಡು ಕಡೆ ನೆಟ್ಟಿದ್ರೆ ಲೈಫ್‌ಗಾರ್ಡ್ ಕಾಯ್ತಿರೋ ಜಾಗ, ಅವೆರಡರ ಮಧ್ಯೆ ಮಾತ್ರ ಇಳೀರಿ. ಎರಡು ಕೆಂಪು ಬಾವುಟ ಹಾಕಿದ್ರೆ ಆ ದಿನ ನೀರು ಬಂದ್, ಅಷ್ಟೇ. ಕುಡಿದು ಇಳಿಯೋದು, ಕತ್ತಲಾದ ಮೇಲೆ ಇಳಿಯೋದು, ಇವೆರಡೂ ಬೇಡವೇ ಬೇಡ.

ನೆರಳಿದೆ ಅಂತ ಕಡಿದಾದ ಬಂಡೆ ಬುಡಕ್ಕೆ ಹೋಗಿ ಕೂರೋದು, ಅಂಚಿಗೆ ಹೋಗಿ ಸೆಲ್ಫಿ ತೆಗೆಯೋದು ಕೂಡ ಬಿಡಿ. ಗ್ರೇಟ್ ಓಷನ್ ರೋಡಲ್ಲೇ ಲಂಡನ್ ಬ್ರಿಜ್ ಅಂತ ಕರೀತಿದ್ದ ಬಂಡೆಯ ಕಮಾನು 1990ರ ಜನವರಿಯಲ್ಲಿ ಇದ್ದಕ್ಕಿದ್ದ ಹಾಗೆ ಬಿತ್ತು, ಆಚೆ ತುದಿಯಲ್ಲಿ ಉಳಿದುಹೋದ ಇಬ್ಬರು ಪ್ರವಾಸಿಗಳನ್ನ ಹೆಲಿಕಾಪ್ಟರಲ್ಲಿ ಕರ್ಕೊಂಡು ಬರ್ಬೇಕಾಯ್ತು. 2005ರ ಜುಲೈಯಲ್ಲಿ ಅಲ್ಲಿನ ಟ್ವೆಲ್ವ್ ಅಪೋಸಲ್ಸ್ ಬಂಡೆಗಳಲ್ಲೂ ಒಂದು ಕುಸಿದು ಬಿತ್ತು.

ಯಾವ ತಿಂಗಳು ಅನ್ನೋದು ಜಾಗದ ಮೇಲೆ ಹೋಗತ್ತೆ. ಮಳೆಗಾಲ, ಚಂಡಮಾರುತದ ಕಾಲ ಬಿಡಿ, ಸಾಧ್ಯ ಆದ್ರೆ ಶಾಲೆ ರಜೆಗಳನ್ನೂ ಬಿಡಿ. ಚಳಿ ಜಾಸ್ತಿ ಇರೋ ದೇಶಗಳಿಗೆ ಹೋಗೋರಿಗೆ ಒಂದು ಮಾತು, ಅಲ್ಲಿ ಸಮುದ್ರ ನೆಲಕ್ಕಿಂತ ನಿಧಾನ ಕಾಯೋದ್ರಿಂದ ನೀರು ಬೆಚ್ಚಗಾಗೋದು ಬೇಸಿಗೆಯ ಉತ್ತುಂಗ ಕಳೆದು ಒಂದೆರಡು ತಿಂಗಳ ಮೇಲೆ, ಅಷ್ಟು ಹೊತ್ತಿಗೆ ಜನಾನೂ ಕಮ್ಮಿ ಆಗಿರ್ತಾರೆ. ಆಮೆ ಮೊಟ್ಟೆ ಇಡೋ ತೀರಕ್ಕೆ ಆ ಕಾಲದಲ್ಲಿ ಹೋದ್ರೆ ರಾತ್ರಿ ಮೊಬೈಲ್ ಟಾರ್ಚ್ ಹಾಕ್ಕೊಂಡು ಓಡಾಡ್ಬೇಡಿ, ಮೊಟ್ಟೆಯಿಂದ ಹೊರಗೆ ಬಂದ ಮರಿಗಳು ಬೆಳಕು ಕಂಡ ಕಡೆಗೆ ತೆವಳ್ತವೆ, ಸಮುದ್ರ ಬಿಟ್ಟು ನಿಮ್ಮ ಕಡೆಗೇ ಬಂದು ಸಾಯ್ತವೆ.

ಕೊನೇದಾಗಿ ರೂಮ್ ಬುಕಿಂಗ್. ಇರೋ ಎರಡು ಜಾಗವನ್ನ ಸಾಧ್ಯ ಆದಷ್ಟು ಬೇರೆ ಬೇರೆ ಥರ ಆರಿಸಿ, ಒಂದು ನಾಲ್ಕು ಜನ ಇರೋ, ಅಂಗಡಿ, ಡಾಕ್ಟ್ರು ಸಿಗೋ ಊರು, ಇನ್ನೊಂದು ತೀರಾ ಸದ್ದಿಲ್ಲದ್ದು. ಸದ್ದಿಲ್ಲದ್ದನ್ನ ಮೊದಲು ಇಟ್ಕೊಳ್ಳಿ, ಊರನ್ನ ಆಮೇಲೆ, ಬಸ್ಸೋ ರೈಲೋ ವಿಮಾನವೋ ಹಿಡಿಯೋ ಕಡೆಗೆ ಹತ್ತಿರ ಇರೋ ಹಾಗೆ. ವಾಪಸ್ ಹೋಗೋ ದಿನ ಬೆಳಿಗ್ಗೆ ಮುನ್ನೂರು ಕಿಲೋಮೀಟರ್ ಓಡಿಸೋ ಪ್ಲಾನ್ ಇದ್ರೆ ಹಿಂದಿನ ಸಂಜೆಯಿಂದಲೇ ತಲೆ ಅದರಲ್ಲೇ ಇರತ್ತೆ. ಎರಡನೇ ಜಾಗದ್ದು ಕ್ಯಾನ್ಸಲ್ ಮಾಡೋಕಾಗೋ ಬುಕಿಂಗ್ ಇರ್ಲಿ, ಮೊದಲನೇ ಜಾಗ ಇಷ್ಟ ಆಗಿಬಿಟ್ರೆ ಅಲ್ಲೇ ಇನ್ನೊಂದು ರಾತ್ರಿ ರೂಮ್ ಇದೆಯಾ ಅಂತ ಕೇಳಿ, ಮಾರ್ಕ್ ಮಾಡಿದ ಉಳಿದ ಬೀಚ್‌ಗಳನ್ನ ಮುಂದಿನ ರಜೆಗೆ ಇಟ್ಕೊಳ್ಳಿ.