ಹಳೆ ಫಿಯಟ್ ಓಡಿಸಿಕೊಂಡು ಮೈಸೂರಿನಿಂದ ಬೆಂಗಳೂರಿನ ಕಾರು ಪ್ರದರ್ಶನಕ್ಕೆ

ರಿಪೇರಿ ಮುಗಿಸಿ, ಬಣ್ಣ ಹೊಡೆಸಿದ ಹಳೆ ಕಾರನ್ನು ಬೇರೆ ಊರಿನ ಪ್ರದರ್ಶನಕ್ಕೆ ಒಯ್ಯುವಾಗ ಎರಡು ಕೆಲಸ ಒಂದಕ್ಕೊಂದು ಅಡ್ಡ ಬರುತ್ತವೆ. ಕಾರು ಸುಮಾರು 140 ಕಿ.ಮೀ. ಓಡಬೇಕು. ಓಡಿದ ಮೇಲೂ ಹೊಳೆಯುತ್ತಾ ನಿಲ್ಲಬೇಕು. ಲಾರಿ ಮೇಲೆ ಹಾಕಿಸಿಬಿಡಿ ಅಂತ ಬಹಳ ಜನ ಹೇಳುತ್ತಾರೆ. ಮಹಾರಾಜರ ಕಾಲದ ಕಾರಾದರೆ ಸರಿ. ಫಿಯಟ್, ಅಂಬಾಸಡರ್, ಹೆರಾಲ್ಡ್‌ನಂಥವನ್ನು ಮಾತ್ರ ಓಡಿಸಿಕೊಂಡೇ ಹೋಗಬೇಕು ಅನ್ನೋದು ನನ್ನ ವಾದ. ಓಡದ ಕಾರನ್ನು ರಿಪೇರಿ ಮಾಡಿಸಿದ್ದೇವೆ ಅಂತ ಹೇಳಿಕೊಂಡರೆ ಏನು ಬಂತು?

ನಮ್ಮದು 1966ರ ಫಿಯಟ್ 1100 ಡಿಲೈಟ್. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸಿದ ಕಾರು. ಇದೇ ಗಾಡಿ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಹ್ಯಾಂಡ್ ಗೇರ್, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆರಾಮಾಗಿ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಕೇಳಬಾರದು.

ಮೊದಲು ಕಾಗದಪತ್ರ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ ಮೂರೂ ಚಾಲ್ತಿಯಲ್ಲಿರಲಿ. ನಮ್ಮಲ್ಲಿ 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಹಳೆ ಕಾರಿನವರು ಮರೆಯುವುದೇ ಇದನ್ನು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿದೆ. 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ 'ವಿಎ' ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ಮೊದಲೇ ನೋಂದಣಿ ಆಗಿರುವ ಕಾರು ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಅಂತ ನೋಂದಾಯಿಸಿದ ಮೇಲೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂಜನಗೂಡಿಗೆ ಹೋಗಿ ಬರುವ ಆಸೆ ಇದ್ದರೆ ಸಾಮಾನ್ಯ ಆರ್‌ಸಿಯನ್ನೇ ಜೀವಂತ ಇಟ್ಟುಕೊಳ್ಳಿ. ನಾವು ಹಾಗೇ ಮಾಡಿದ್ದೇವೆ.

ಇನ್ನು ಕಾರಿನ ಕೆಲಸ. ಓಡುವ ಕೆಲಸ ಪೂರ್ತಿ ಮುಗಿಯುವ ತನಕ ಪಾಲಿಶ್ ಡಬ್ಬಿ ತೆರೆಯಬೇಡಿ. ಇದಕ್ಕೆ ಕಾರಣ ಇದೆ. ಬ್ರೇಕ್ ಆಯಿಲ್ ಒಂದು ಹನಿ ಬಣ್ಣದ ಮೇಲೆ ಬಿದ್ದು ಹಾಗೇ ಉಳಿದರೆ ಸಾಕು, ಬಣ್ಣ ಉಬ್ಬಿ ಎದ್ದು ಬರುತ್ತದೆ. ಬಿದ್ದ ತಕ್ಷಣ ಒರೆಸಬೇಡಿ, ಧಾರಾಳವಾಗಿ ನೀರು ಸುರಿಯಿರಿ. ಈ ಕಾರುಗಳಲ್ಲಿ ಬ್ರೇಕಿಗೆ ಒಂದೇ ಲೈನು. ಒಂದು ಚಕ್ರದ ಹತ್ತಿರ ಆಯಿಲ್ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಹಾಗಾಗಿ ಪ್ರತಿ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರುಗಳನ್ನು ಪ್ರಯಾಣಕ್ಕೆ ಮುಂಚೆ ಹೊಸದು ಹಾಕಿಸಿ, ಕೆಲವು ವಾರ ಊರೊಳಗೆ ಓಡಿಸಿ ನೋಡಿ.

ಎರಡನೆಯದು ಪೆಟ್ರೋಲಿನ ದಾರಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 60ರ ದಶಕದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಪ್ಯಾಕಿಂಗ್ ಯಾವುದನ್ನೂ ಇದಕ್ಕಾಗಿ ಮಾಡಿದ್ದಲ್ಲ. ಮೆತ್ತಗಾಗುತ್ತವೆ, ಬಿರಿಯುತ್ತವೆ. ಎಥನಾಲ್ ತಡೆಯುವ ಪೈಪು ಕೇಳಿ ಹಾಕಿಸಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಇಳಿಸಿ, ಹೊಸದು ತುಂಬಿಸಿ ಹೊರಡಿ.

ಟೈರಿನ ವಿಷಯದಲ್ಲಿ ನೋಡಿದ್ದನ್ನು ನಂಬಬೇಡಿ. ಹಳೆ ಕಾರು ಕಡಿಮೆ ಓಡುತ್ತದೆ, ಟೈರಿನ ಪಟ್ಟೆ ಸವೆದಿರುವುದಿಲ್ಲ, ರಬ್ಬರ್ ಮಾತ್ರ ಒಣಗಿರುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1418 ಅಂತಿದ್ದರೆ 2018ರ 14ನೇ ವಾರ. ಅಂಥದ್ದನ್ನು ಹಾಕಿಕೊಂಡು ಹೆದ್ದಾರಿಗೆ ಹೋಗಬೇಡಿ. ಸ್ಟೆಪ್ನಿಯನ್ನೂ ನೋಡಿ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಇದ್ದೇ ಇವೆ. ಫಿಯಟ್‌ನವರಿಗೆ ಮುಂಬೈ ಇನ್ನೂ ತವರುಮನೆ. ಅಲ್ಲಿನ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ಪದ್ಮಿನಿಯ ಎಂಜಿನ್ ಭಾಗಗಳು ಡಿಲೈಟಿಗೂ ಬಹಳಷ್ಟು ಹೊಂದುತ್ತವೆ. ಗ್ರಿಲ್, ದೀಪ, ಡ್ಯಾಶ್‌ಬೋರ್ಡ್ ಮಾತ್ರ ಹೊಂದುವುದಿಲ್ಲ. ಅಂಗಡಿಯವರು 'ಎಲ್ಲಾ ಒಂದೇ ಸಾರ್' ಅನ್ನುತ್ತಾರೆ. ಪ್ರದರ್ಶನದಲ್ಲಿ ಅಂಕ ಕೊಡುವ ತೀರ್ಪುಗಾರರು ಹಾಗೆ ಅನ್ನುವುದಿಲ್ಲ.

ಹೊಳಪಿನ ಕೆಲಸ ಹೊರಡುವ ಹಿಂದಿನ ವಾರ ಶುರು ಮಾಡಿದರೆ ಸಾಕು. ಎಂಜಿನ್ ತೊಳೆಯಲು ವಾಟರ್ ಸರ್ವಿಸಿನ ಜೋರು ಪೈಪು ಬೇಡವೇ ಬೇಡ. ಡಿಸ್ಟ್ರಿಬ್ಯೂಟರ್, ಡೈನಮೊ (ಎಂಜಿನ್ ಓಡುವಾಗ ಕರೆಂಟ್ ಮಾಡುವ ಭಾಗ), ಕಾಯಿಲ್ ಒಳಗೆ ನೀರು ಹೋದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಅವಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ, ಬ್ರಷ್ಷಿಗೆ ಡೀಸೆಲ್ ಹಚ್ಚಿ ಜಿಡ್ಡು ತೆಗೆಯಿರಿ, ಆಮೇಲೆ ಸೋಪಿನ ಬಟ್ಟೆಯಲ್ಲಿ ಒರೆಸಿ. ಕ್ರೋಮ್ ಬಂಪರಿನಲ್ಲಿ ಸಣ್ಣ ತುಕ್ಕಿನ ಚುಕ್ಕಿ ಇದ್ದರೆ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಹೋಗುತ್ತದೆ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರ ಇಲ್ಲದಿದ್ದರೆ ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತದೆ. ಗಾಬರಿ ಬೇಡ, ಅದು ಸಹಜ. ಆದರೆ ಮಷೀನ್ ಹಚ್ಚಿ ಅಂಚುಗಳ ಮೇಲೆ ಜಾಸ್ತಿ ಉಜ್ಜಿದರೆ ಬಣ್ಣದ ಕೆಳಗಿನ ಪ್ರೈಮರ್ ಕಾಣಿಸಿಕೊಳ್ಳುತ್ತದೆ. ಬಾನೆಟ್ಟಿನ ಅಂಚು, ಬಾಗಿಲಿನ ಅಂಚು ಕೈಯಲ್ಲೇ ಮಾಡಿ.

ಟೈರಿಗೆ, ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಎಣ್ಣೆ ಬಳಿಯುವ ಚಾಳಿ ನಮ್ಮಲ್ಲಿ ಇದೆ. ನನಗಂತೂ ಅದನ್ನು ನೋಡಿದರೆ ಆಗುವುದಿಲ್ಲ. 1966ರಲ್ಲಿ ಶೋರೂಮಿನಿಂದ ಬಂದ ಕಾರಿನ ಟೈರು ಹಾಗೆ ಹೊಳೆಯುತ್ತಿರಲಿಲ್ಲ. ಮೇಲಾಗಿ ಆ ಎಣ್ಣೆಗೆ ದಾರಿಯ ಧೂಳೆಲ್ಲ ಅಂಟುತ್ತದೆ.

ಈಗ ದಾರಿ. ಎಕ್ಸ್‌ಪ್ರೆಸ್‌ವೇ ಬಿಡಿ, ಹಳೆ ರಸ್ತೆ ಹಿಡಿಯಿರಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಹೊಸ ರಸ್ತೆಯಲ್ಲಿ ಎಲ್ಲರೂ ನೂರರ ಹತ್ತಿರ ಹೋಗುತ್ತಾರೆ. ಅವರ ನಡುವೆ ಡ್ರಮ್ ಬ್ರೇಕಿನ ಕಾರು 60ರಲ್ಲಿ ಹೋಗುವುದು ನಿಮಗೂ ಕಷ್ಟ, ಅವರಿಗೂ ಅಪಾಯ. ನಡುವೆ ಕೆಟ್ಟು ನಿಂತರೆ ಇಳಿದು ಹೋಗಲು ದಾರಿಯೂ ಇಲ್ಲ, ಎರಡೂ ಕಡೆ ಬೇಲಿ. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಅಂತ ಊರೂರು ಹೊಕ್ಕು ಹೋದರೆ ಪ್ರತಿ ಊರಲ್ಲೂ ಒಬ್ಬ ಮೆಕ್ಯಾನಿಕ್ ಇರುತ್ತಾನೆ, ನೀರು ಇರುತ್ತದೆ, ಕಾಫಿ ಇರುತ್ತದೆ. ಆದರೂ ಅಲ್ಲಲ್ಲಿ ಹೆದ್ದಾರಿಗೆ ಸೇರಬೇಕಾಗಿ ಬರಬಹುದು, ಫಾಸ್ಟ್ಯಾಗ್ ಇಟ್ಟುಕೊಂಡಿರಿ. ಗಾಜಿನ ಅಂದ ಕೆಡುತ್ತದೆ ಅಂತ ಅದನ್ನು ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವಂತಿಲ್ಲ.

ಪ್ರದರ್ಶನಗಳು ಜಾಸ್ತಿ ನಡೆಯುವುದು ಚಳಿಗಾಲದಲ್ಲಿ. ಅದು ಕಬ್ಬು ಕಡಿಯುವ ಕಾಲವೂ ಹೌದು. ಎಕ್ಸ್‌ಪ್ರೆಸ್‌ವೇಯಲ್ಲಿ ಟ್ರ್ಯಾಕ್ಟರ್, ಬೈಕ್, ಆಟೋಗಳಿಗೆ 2023ರ ಆಗಸ್ಟ್‌ನಿಂದ ಪ್ರವೇಶ ಇಲ್ಲ. ಹಾಗಾಗಿ ಕಬ್ಬಿನ ಲೋಡೆಲ್ಲ ನೀವು ಹೋಗುವ ಹಳೆ ರಸ್ತೆ, ಸರ್ವಿಸ್ ರಸ್ತೆಯಲ್ಲೇ ಬರುತ್ತದೆ. ಟ್ರೈಲರ್ ಹಿಂದೆ ದೀಪ ಇರುವುದು ಅಪರೂಪ. ಮಂಡ್ಯದ ನಾಲೆ ಬಯಲಿನಲ್ಲಿ ಬೆಳಗಿನ ಮಂಜು ಬೇರೆ. ಹಳೆ ಕಾರಿನ ಹೆಡ್‌ಲೈಟ್ ಅದನ್ನು ಸೀಳುವುದಿಲ್ಲ. ಆರು ಗಂಟೆಗೆ ಮೊದಲು ಹೊರಡಬೇಡಿ.

ಇನ್ನೊಂದು ಎಚ್ಚರಿಕೆ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಒಳರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತಾರೆ, ಗಾಡಿಗಳು ಹಾದು ಕಾಳು ಬಿಡಲಿ ಅಂತ. ಹುರುಳಿ ಬಳ್ಳಿ ಕಾರಿನ ಕೆಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಹೀಗೆ ಸುಟ್ಟುಹೋದ ಕಾರುಗಳು ಇವೆ. ಒಕ್ಕಣೆ ಕಂಡರೆ ಬದಿಗೆ ಸರಿದು ಹೋಗಿ, ಆಗದಿದ್ದರೆ ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ. ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಕೆಳಗೆ ಇರಲೇಬೇಕು. ಪ್ರದರ್ಶನದಲ್ಲೂ ಕೇಳುತ್ತಾರೆ.

ಮದ್ದೂರಿನಲ್ಲಿ ವಡೆ ತಿನ್ನುವುದು ರೂಢಿ. ಅದನ್ನೇ ಎಂಜಿನ್ ಆರಿಸುವ ನಿಲ್ದಾಣ ಮಾಡಿಕೊಳ್ಳಿ. ಬಾನೆಟ್ ಎತ್ತಿಡಿ, ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿಯಲ್ಲಿ ಮುಟ್ಟಬೇಡಿ. ವಡೆಯ ಕೈಯನ್ನು ಸ್ಟೀರಿಂಗಿಗೆ ಹಚ್ಚಬೇಡಿ ಅಂತ ತಮ್ಮನಿಗೆ ಹೇಳಿ ಹೇಳಿ ಸಾಕಾಯಿತು.

ನಿಜವಾದ ಪರೀಕ್ಷೆ ಕೆಂಗೇರಿ ದಾಟಿದ ಮೇಲೆ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುವಾಗ ಫ್ಯಾನ್ ನಿಧಾನಕ್ಕೆ ತಿರುಗುತ್ತದೆ, ಬಾನೆಟ್ ಒಳಗೆ ಕಾವು ಏರುತ್ತದೆ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಒಳಗಿನ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುತ್ತದೆ. ಕಾರು ಜಗ್ಗಿ ಜಗ್ಗಿ ನಿಲ್ಲುತ್ತದೆ. ಸುಮ್ನೆ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಬೇಡಿ. ಪಕ್ಕಕ್ಕೆ ತಳ್ಳಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ವಲ್ಪ ಹೊತ್ತು ಬಿಡಿ. ಹಳೆ ಟ್ಯಾಕ್ಸಿ ಡ್ರೈವರುಗಳೆಲ್ಲ ಮಾಡುತ್ತಿದ್ದುದು ಇದನ್ನೇ. ಸಾಧ್ಯವಾದರೆ ಪ್ರದರ್ಶನದ ಹಿಂದಿನ ದಿನವೇ, ಶನಿವಾರ ಮಧ್ಯಾಹ್ನದೊಳಗೆ ಊರು ಸೇರಿಬಿಡಿ. ಉಳಿಯುವ ಜಾಗದಲ್ಲಿ ನೆರಳಿನ ಪಾರ್ಕಿಂಗ್ ಮತ್ತು ಒಂದು ನಲ್ಲಿ ಇದೆಯಾ ಅಂತ ಫೋನಿನಲ್ಲೇ ಕೇಳಿಕೊಳ್ಳಿ. ರೂಮಿಗಿಂತ ಆ ನಲ್ಲಿಯೇ ಮುಖ್ಯ.

ದಾರಿಯ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ವಾರವಿಡೀ ಮಾಡಿದ ಪಾಲಿಶ್ ಮೇಲೆ ಗೀರು ಬೀಳುತ್ತದೆ. ಮೊದಲು ನೀರು ಹನಿಸಿ, ಧೂಳು ಇಳಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಗ್ರಿಲ್ ಮೇಲೆ ಅಂಟಿದ ಹುಳಗಳ ಮೇಲೆ ಒದ್ದೆ ಬಟ್ಟೆ ಹಾಸಿ ನೆನೆಯಲು ಬಿಟ್ಟರೆ ಉಜ್ಜದೇ ಬರುತ್ತವೆ.

ಮೈದಾನದಲ್ಲಿ ಕೆಳಗೊಂದು ರಟ್ಟು ಹಾಸಿ. ಹಳೆ ಎಂಜಿನ್ ಒಂದೆರಡು ಹನಿ ಆಯಿಲ್ ಬಿಡುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಲಿ. ತೀರ್ಪುಗಾರರು ಹಾರ್ನ್, ವೈಪರ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲ ಹಾಕಿ ತೋರಿಸಿ ಅನ್ನುತ್ತಾರೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ್ದರೆ ಅಂಕ ಹೋಗುತ್ತದೆ. ಅಲಾಯ್ ವೀಲ್, ಎಲ್‌ಇಡಿ ದೀಪ, ಮೆಟಾಲಿಕ್ ಬಣ್ಣ ಇವೆಲ್ಲ ಬೇರೆ ಹವ್ಯಾಸ. ಹೋಸ್ ಪೈಪಿನ ಕ್ಲಿಪ್ಪು, ಬೋಲ್ಟಿನ ತಲೆ ತನಕ ನೋಡುವವರಿದ್ದಾರೆ. ರಿಪೇರಿ ಕಾಲದ ಫೋಟೋಗಳ ಆಲ್ಬಮ್ ಸೀಟಿನ ಮೇಲಿಡಿ. ತುಕ್ಕು ಹಿಡಿದ ನೆಲಹಾಸಿನ ತಗಡು ಹೇಗಿತ್ತು, ಹೇಗೆ ಕತ್ತರಿಸಿ ಬೆಸೆದರು ಅನ್ನುವುದನ್ನು ಅದು ನಿಮಗಿಂತ ಚೆನ್ನಾಗಿ ಹೇಳುತ್ತದೆ. ಕನ್ನಡದಲ್ಲೂ ಒಂದು ಬೋರ್ಡ್ ಬರೆದಿಡಿ. ಪಕ್ಕದ ರೋಲ್ಸ್ ರಾಯ್ಸ್ ಮುಂದೆ ಜನ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಫಿಯಟ್ ಮುಂದೆ ನಿಂತು, ನಮ್ಮ ಸೋದರಮಾವನ ಹತ್ತಿರ ಇತ್ತು, ಅದರಲ್ಲೇ ನಮ್ಮ ಮದುವೆ ದಿಬ್ಬಣ ಬಂತು ಅಂತ ಮಾತಾಡುತ್ತಾರೆ. ಅವರಿಗೆ ಬಾಗಿಲು ತೆರೆದು ಕೂರಲು ಬಿಡಿ. ಬೆಲ್ಟ್ ಬಕಲ್ ಹಾಕಿಕೊಂಡು ಫೆಂಡರಿಗೆ ಒರಗುವವರನ್ನು ಮಾತ್ರ ನಗುತ್ತಲೇ ದೂರ ಇಡಿ.

ಪ್ರದರ್ಶನ ಮುಗಿಯುವುದು ಸಂಜೆ. ಆಗಲೇ ಮೈಸೂರಿಗೆ ಹೊರಡುವ ಆತುರ ಬೇಡ. ಡೈನಮೊ ಇರುವ ಕಾರಿನಲ್ಲಿ ಎಂಜಿನ್ ನಿಧಾನವಾದಾಗ ಹೆಡ್‌ಲೈಟೂ ಮಂಕಾಗುತ್ತದೆ, ಭಾನುವಾರ ರಾತ್ರಿಯ ಮೈಸೂರು ರಸ್ತೆ ಅಂಥ ಬೆಳಕಿಗೆ ಆಗುವಂಥದ್ದಲ್ಲ. ಇನ್ನೊಂದು ರಾತ್ರಿ ಉಳಿದು, ಸೋಮವಾರ ಬೆಳಿಗ್ಗೆ ಆಯಿಲ್, ನೀರು ನೋಡಿಕೊಂಡು ಹೊರಡಿ. ಊರಿಂದಾಚೆ ಹೋಗುವವರಿಗೆ ಆ ಹೊತ್ತಿನಲ್ಲಿ ಟ್ರಾಫಿಕ್ ಕಡಿಮೆ.